ಪವಿತ್ರ ತೊಟ್ಟಿಯ ನೀರು ಹೋದ ದಾರಿ

ಪೈಪಣ್ಣ ಭಾನುವಾರದ ಪೂಜೆಗೆ ಕೂರುತ್ತಿದ್ದದ್ದು ಚರ್ಚಿನ ಕಟ್ಟಕಡೆಯ ಬೆಂಚಿನಲ್ಲಿ, ಅದರಲ್ಲೂ ಬಾಗಿಲ ಪಕ್ಕದ ತುದಿಯಲ್ಲಿ. ಭಕ್ತಿ ಕಡಿಮೆಯಾಗಿ ಅಲ್ಲ, ವಾಸನೆ ಹೆಚ್ಚಾಗಿ. ಮೂವತ್ತೈದು ವರ್ಷ ಊರಿನವರ ಕಕ್ಕಸು, ಬಚ್ಚಲು, ಕಟ್ಟಿಕೊಂಡ ಚರಂಡಿ ಚೇಂಬರುಗಳಿಗೆ ಮೊಣಕೈವರೆಗೆ ಕೈ ಇಳಿಸಿದ ಪ್ಲಂಬರ್ ಅವನು. ಶನಿವಾರ ಸಂಜೆ ಎರಡು ಸಲ ಸೋಪು ಹಚ್ಚಿ, ಕಲ್ಲಿನಿಂದ ಉಜ್ಜಿ, ಮೂಸಿ ನೋಡಿ, ಮತ್ತೆ ಸೋಪು ಹಚ್ಚುತ್ತಿದ್ದ. ಆದರೂ ಒಂದು ಭಾನುವಾರ ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ಪೂಜೆಯ ನಡುವೆ ಮೂಗಿಗೆ ಕರವಸ್ತ್ರ ಹಿಡಿದಳು. ಪಾಪ, ಅವಳಿಗೆ ನೆಗಡಿಯೇ ಇದ್ದಿರಬಹುದು. ಪೈಪಣ್ಣ ಮಾತ್ರ ಅಂದಿನಿಂದ ಒಂದೊಂದೇ ಬೆಂಚು ಹಿಂದೆ ಸರಿಯುತ್ತಾ, ಇನ್ನೂ ಸರಿದರೆ ರಸ್ತೆಯೇ ಎನ್ನುವಲ್ಲಿಗೆ ಬಂದು ನಿಂತಿದ್ದ. ಪರಮಪ್ರಸಾದದ ರೊಟ್ಟಿ ಕೊಡುವಾಗ ಉಳಿದವರೆಲ್ಲ ಅಂಗೈ ಒಡ್ಡಿದರೆ ಇವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಾಲಿಗೆ ಚಾಚುತ್ತಿದ್ದ. ಇಂಥ ಕೈಯಲ್ಲಿ ದೇವರನ್ನು ಹಿಡಿಯುವುದುಂಟೇ ಎಂಬುದು ಅವನ ವಾದ.

ದೇವರ ಬಗ್ಗೆ ಅವನಿಗಿದ್ದ ಗೌರವ ಅಷ್ಟಿಷ್ಟಲ್ಲ. ಹಿಂದೆ ಒಮ್ಮೆ ಊರಿನ ದೊಡ್ಡ ಸಾಹೇಬರ ಬಂಗಲೆಯಲ್ಲಿ ಪೈಪು ಕಟ್ಟಿಕೊಂಡಾಗ ಇವನನ್ನು ಕರೆಸಿದ್ದರು. ಹಿಂಬಾಗಿಲಿನಿಂದ ಒಳಗೆ ಹೋದ, ಕೆಲಸ ಮಾಡಿದ, ಹಿಂಬಾಗಿಲಿನಿಂದಲೇ ಹೊರಬಂದ. ಸಾಹೇಬರ ಮುಖ ಕಾಣಲಿಲ್ಲ, ಕಂಡದ್ದು ಅವರ ಕಕ್ಕಸು ಮಾತ್ರ. ದೇವರ ವಿಷಯವೂ ಹೆಚ್ಚುಕಡಿಮೆ ಹಾಗೆಯೇ ಎಂದು ಅವನು ತೀರ್ಮಾನಿಸಿಕೊಂಡಿದ್ದ. ಅಷ್ಟು ದೊಡ್ಡವನು, ಸೂರ್ಯ ಚಂದ್ರ ನೋಡಿಕೊಳ್ಳುವವನು, ಅವನಿಗೆ ಪೈಪಣ್ಣನ ಗುರುತು ಎಲ್ಲಿಂದ ಸಿಗಬೇಕು? ಹಾಗೆಂದು ಬೇಜಾರೂ ಇರಲಿಲ್ಲ. ದೊಡ್ಡವರ ಹತ್ತಿರ ಹೋದರೆ ಕೆಲಸ ಹೇಳುತ್ತಾರೆ ಎಂಬುದು ಅವನ ಅನುಭವ.

ಆದರೆ ಈ ಪೈಪಣ್ಣ ತನ್ನ ಎದೆಯೊಳಗೆ ಒಂದು ಗುಟ್ಟು ಇಟ್ಟುಕೊಂಡಿದ್ದ. ಇಪ್ಪತ್ತೆರಡು ವರ್ಷದ ಹಿಂದೆ ಚರ್ಚಿನ ಹಿಂಬದಿ ಕೋಣೆಯ ನೆಲ ಕಿತ್ತು ಹೊಸದಾಗಿ ಹಾಕಿಸಿದರು. ಪೂಜೆಯ ಪಾತ್ರೆ, ಪಾದ್ರಿಗಳ ಉಡುಪು ಎಲ್ಲ ಇಡುವ ಕೋಣೆ ಅದು. ಪಕ್ಕಕ್ಕೊಂದು ಹೊಸ ಕಕ್ಕಸು-ಬಚ್ಚಲನ್ನೂ ಕಟ್ಟಿದರು. ಅದರ ಪೈಪಿನ ಕೆಲಸ ಇವನದು. ಅಗೆಯುವಾಗ ನೋಡುತ್ತಾನೆ, ಗೋಡೆಯ ಮೂಲೆಯಲ್ಲಿದ್ದ ಪುಟ್ಟ ಕಲ್ಲಿನ ತೊಟ್ಟಿಯಿಂದ ಒಂದು ಪೈಪು ಇಳಿದು ಬಂದು, ಎರಡು ಅಡಿ ಕೆಳಗೆ, ಮಣ್ಣಿನಲ್ಲಿ ಸುಮ್ಮನೆ ನಿಂತುಬಿಟ್ಟಿದೆ! ಮುಂದೆ ಚೇಂಬರಿಲ್ಲ, ಚರಂಡಿಯಿಲ್ಲ, ತಲೆಬುಡವಿಲ್ಲ. ನೀರು ಎಲ್ಲಿಗೆ ಹೋಗಬೇಕು, ಇವರಜ್ಜನ ಮನೆಗಾ? ಯಾವನೋ ಅಯೋಗ್ಯ ಕೆಲಸ ಅರ್ಧಕ್ಕೆ ಬಿಟ್ಟು ಹೋಗಿದ್ದಾನೆ, ಅದೂ ದೇವರ ಮನೆಯಲ್ಲಿ, ಎಂದು ಪೈಪಣ್ಣನಿಗೆ ಮೈಯೆಲ್ಲ ಉರಿಯಿತು. ಯಾರೂ ಹೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ತನ್ನದೇ ಚೀಲದಿಂದ ಪೈಪು ತಿರುಗಿಸುವ ಒಂದು ಬೆಂಡು, ಒಂದೂವರೆ ಅಡಿ ಪೈಪು ತೆಗೆದು, ಸರಿಯಾದ ಇಳಿಜಾರು ಕೊಟ್ಟು, ಬಚ್ಚಲಿನ ಪೈಪಿಗೆ ನೀಟಾಗಿ ಜೋಡಿಸಿ ಮಣ್ಣು ಮುಚ್ಚಿದ. ಬಿಟ್ಟಿ ಸೇವೆ. ಹೆಂಡತಿಗೂ ಹೇಳಲಿಲ್ಲ.

ಸತ್ತ ಮೇಲೆ ಸ್ವರ್ಗದ ಬಾಗಿಲಲ್ಲಿ ಏನು ತಂದೆ ಎಂದು ಕೇಳುತ್ತಾರಂತಲ್ಲ, ಆಗ ತೋರಿಸಲು ಪೈಪಣ್ಣನ ಹತ್ತಿರ ಇದ್ದದ್ದು ಇದೊಂದೇ. ಉಪವಾಸ ಅವನ ಮೈಗೆ ಒಗ್ಗುತ್ತಿರಲಿಲ್ಲ, ಜಪಸರ ಹಿಡಿದರೆ ಮೂರನೆಯ ಮಣಿಗೆ ನಿದ್ದೆ ಬರುತ್ತಿತ್ತು, ಸಿಟ್ಟು ಬಂದರೆ ಬಾಯಿಗೆ ಬಾಗಿಲೇ ಇರಲಿಲ್ಲ. ಇಷ್ಟಿದ್ದರೂ, 'ಸ್ವಾಮಿ, ನಿನ್ನ ಮನೆಯಲ್ಲಿ ಒಂದು ಪೈಪು ಅನಾಥವಾಗಿ ಬಿದ್ದಿತ್ತು, ನಾನು ದಾರಿ ಮಾಡಿಕೊಟ್ಟೆ, ಇವತ್ತಿನವರೆಗೆ ಒಂದು ತೊಟ್ಟು ಸೋರಿಲ್ಲ' ಎಂದು ಹೇಳಬಹುದಲ್ಲ! ಜ್ವರ ಬಂದು ಮಲಗಿದಾಗೆಲ್ಲ ಅವನು ಈ ಮಾತನ್ನು ಮನಸ್ಸಿನಲ್ಲೇ ತಾಲೀಮು ಮಾಡಿಕೊಳ್ಳುತ್ತಿದ್ದ.

ಇನ್ನು ಅವನ ಹೆಂಡತಿ. ಬೀದಿಯವರು ಅವಳನ್ನು ಇಸ್ತ್ರಿಯಕ್ಕ ಎನ್ನುತ್ತಿದ್ದರು, ಯಾಕೆಂದರೆ ಚರ್ಚಿನ ಬಲಿಪೀಠದ ಬಟ್ಟೆಗಳನ್ನೆಲ್ಲ ಒಗೆದು ಇಸ್ತ್ರಿ ಮಾಡುವ ಕೆಲಸ ಅವಳದು. ಮೇಲ್ಬೀದಿಯ ಸಿರಿವಂತ ಹೆಂಗಸರು ಲೇಸಿನ ಅಂಚಿನ ಬಟ್ಟೆ ದಾನ ಕೊಡುತ್ತಿದ್ದರು, ಹೂ ಜೋಡಿಸಲು ತಾ ಮುಂದು ನಾ ಮುಂದು ಎನ್ನುತ್ತಿದ್ದರು. ಒಗೆಯುವ ವಿಷಯ ಬಂದಾಗ ಎಲ್ಲರಿಗೂ ಸೊಂಟ ನೋವು. ಹಾಗಾಗಿ ಕೆಳಬೀದಿಯ ಇಸ್ತ್ರಿಯಕ್ಕನಿಗೆ ಆ ಕೆಲಸ ಬಂತು. ಬಂದ ಮೇಲೆ ಅವಳು ಅದನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಅವಳ ಅಪ್ಪಣೆಯಿಲ್ಲದೆ ಪಾದ್ರಿಗಳೂ ಆ ಬಟ್ಟೆಯಲ್ಲಿ ಬೆವರು ಒರೆಸಿಕೊಳ್ಳುವಂತಿರಲಿಲ್ಲ. ಒಮ್ಮೆ ಹಳೆಯ ಪಾದ್ರಿಯವರು ಒರೆಸಿಕೊಂಡು, ದೊಡ್ಡವರು ಎನ್ನುವುದನ್ನೂ ನೋಡದೆ ಅವಳಿಂದ ಉಗಿಸಿಕೊಂಡಿದ್ದರು.

ಆ ಬಟ್ಟೆಗಳಲ್ಲಿ ಪಾನಪಾತ್ರೆ ಒರೆಸುವ ತುಂಡುಗಳಿಗೆ ಒಂದು ಕಟ್ಟಳೆಯಿದೆ. ಅವುಗಳಲ್ಲಿ ಪರಮಪ್ರಸಾದದ ಒಂದು ಚೂರೋ, ದ್ರಾಕ್ಷಾರಸದ ಒಂದು ಹನಿಯೋ ಉಳಿದಿರಬಹುದು. ಕ್ರೈಸ್ತರ ನಂಬಿಕೆಯಲ್ಲಿ ಅದು ಚೂರಲ್ಲ, ಹನಿಯಲ್ಲ, ಸಾಕ್ಷಾತ್ ಪ್ರಭುವೇ. ಆದ್ದರಿಂದ ಆ ತುಂಡುಗಳನ್ನು ಮೊದಲು ಜಾಲಾಡಿದ ನೀರು ಚರಂಡಿಗೆ ಹೋಗಬಾರದು, ನೇರ ಭೂಮಿಗೆ ಇಳಿಯಬೇಕು. ಅದಕ್ಕೆಂದೇ ಹಿಂಬದಿ ಕೋಣೆಯಲ್ಲಿ ಒಂದು ಪುಟ್ಟ ಕಲ್ಲಿನ ತೊಟ್ಟಿ. ಪವಿತ್ರ ತೊಟ್ಟಿ ಎಂದೇ ಅದರ ಹೆಸರು. ಅದರ ಪೈಪು ಮಣ್ಣಿನಲ್ಲಿ ಕೊನೆಯಾಗಬೇಕು, ಬೇರೆ ಯಾವುದಕ್ಕೂ ಸೇರಬಾರದು.

ಓದುಗರಿಗೆ ಗೊತ್ತಾಗಿ ಹೋಯಿತು. ಪೈಪಣ್ಣನಿಗೆ ಗೊತ್ತಾಗಲು ಇಪ್ಪತ್ತೆರಡು ವರ್ಷ ಬೇಕಾಯಿತು.

ಹೆಂಡತಿ ಹೇಳಿರಲಿಲ್ಲವೇ ಎಂದು ಕೇಳಬೇಡಿ. ಸಾವಿರ ಸಲ ಹೇಳಿದ್ದಳು. ಪ್ರತಿ ಶನಿವಾರ ಮಧ್ಯಾಹ್ನ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಹೋಗಿ, ಆ ತೊಟ್ಟಿಯ ಮುಂದೆ ನಿಂತು, ಮಗುವಿಗೆ ಎಣ್ಣೆನೀರು ಹಾಕಿದಷ್ಟು ಜೋಪಾನವಾಗಿ ತುಂಡುಗಳನ್ನು ಜಾಲಾಡಿ ಬಂದು ಊಟಕ್ಕೆ ಬಡಿಸುವಾಗ, "ಮೊದಲ ನೀರು ಸೀದಾ ಭೂಮಿತಾಯಿ ಮಡಿಲಿಗೆ ಹೋಗುತ್ತೆ ರೀ, ಒಂದು ಹನೀನೂ ಆಚೀಚೆ ಆಗಲ್ಲ" ಎನ್ನುತ್ತಿದ್ದಳು. ಪೈಪಣ್ಣ ತಟ್ಟೆಯಿಂದ ತಲೆ ಎತ್ತದೆ "ಹೂಂ" ಎನ್ನುತ್ತಿದ್ದ. ಮದುವೆಯಾದ ಗಂಡಸರು ಸಾಧನೆಯಿಂದ ಕಲಿಯುವ ಹೂಂ ಅದು, ಕಿವಿಯ ಸಹಾಯ ಬೇಕಾಗುವುದಿಲ್ಲ.

ಹಳೆಯ ಪಾದ್ರಿಯವರು ತೀರಿಕೊಂಡು ಹೊಸಬರು ಬಂದರು. ವಯಸ್ಸು ಚಿಕ್ಕದು, ಕನ್ನಡಕ ದೊಡ್ಡದು. ಬಂದ ಎರಡನೆಯ ತಿಂಗಳೇ ತೊಟ್ಟಿಯಲ್ಲಿ ನೀರು ನಿಂತುಕೊಂಡಿತು. ಪೈಪಣ್ಣನನ್ನು ಕರೆಸಿದರು. ಅವನು ಕಟ್ಟಿದ್ದನ್ನು ಬಿಡಿಸುವ ಉದ್ದ ಸ್ಪ್ರಿಂಗು ಹಾಕಿ ತಿರುವುತ್ತಿದ್ದರೆ ಪಾದ್ರಿಯವರು ಹಿಂದೆಯೇ ನಿಂತು, "ಹುಷಾರಣ್ಣಾ, ಹುಷಾರು" ಎಂದು ಜಪ ಮಾಡುತ್ತಿದ್ದರು.

"ಏನೂ ಆಗಲ್ಲ ಫಾದರ್. ಇದು ನಮ್ಮ ಕೈಯ ಕೆಲಸ," ಎಂದ ಪೈಪಣ್ಣ. ಇಪ್ಪತ್ತೆರಡು ವರ್ಷ ಬಾಯಿಗೆ ಹಾಕಿದ್ದ ಬೀಗ ಅಂದು ಯಾಕೋ ಸಡಿಲವಾಗಿತ್ತು. "ನಿಮಗೊಂದು ವಿಷಯ ಹೇಳ್ತೀನಿ ಕೇಳಿ. ಈ ತೊಟ್ಟಿ ಪೈಪು ಇತ್ತಲ್ಲ, ಇದನ್ನ ಹಿಂದಿನವರು..."

"ಹಿಂದಿನವರು ಎಷ್ಟು ಭಕ್ತಿಯಿಂದ ಮಾಡಿದ್ದಾರೆ ನೋಡಿ!" ಎಂದು ಪಾದ್ರಿಯವರು ಮಾತು ಕಸಿದುಕೊಂಡರು. "ಈಗ ಎಷ್ಟೋ ಚರ್ಚುಗಳಲ್ಲಿ ಈ ತೊಟ್ಟೀನೇ ಇಲ್ಲ. ಇದರ ಪೈಪು ಎಲ್ಲಿಗೂ ಸೇರಿಲ್ಲ ಅಣ್ಣಾ, ಸೀದಾ ಮಣ್ಣಿಗೆ ಹೋಗುತ್ತೆ. ಯಾಕೆ ಗೊತ್ತಾ? ಪ್ರಭುವಿನ ಒಂದು ಕಣವೂ ಚರಂಡಿ ಪಾಲಾಗಬಾರದು ಅಂತ."

ಪೈಪಣ್ಣನ ಕೈಯಲ್ಲಿ ಸ್ಪ್ರಿಂಗು ನಿಂತುಹೋಯಿತು. ಸಾವಿರ ಶನಿವಾರಗಳಲ್ಲಿ ಕೇಳಿಸಿಕೊಳ್ಳದೆ ಬಿಟ್ಟ ಹೆಂಡತಿಯ ಮಾತು ಒಟ್ಟಿಗೆ ಕಿವಿಗೆ ನುಗ್ಗಿತು. ಭೂಮಿತಾಯಿ ಮಡಿಲು. ಒಂದು ಹನೀನೂ ಆಚೀಚೆ ಆಗಲ್ಲ. ಹೂಂ, ಹೂಂ, ಹೂಂ.

"ಏನೋ ಹೇಳ್ತಾ ಇದ್ರಿ?" ಎಂದರು ಪಾದ್ರಿಯವರು.

"ಏನಿಲ್ಲ ಫಾದರ್. ನೂಲು ಸಿಕ್ಕಿಕೊಂಡಿತ್ತು. ಈಗ ಹೋಗುತ್ತೆ."

"ಮಣ್ಣಿಗೇ ಹೋಗುತ್ತಲ್ವಾ?"

"ಹೂಂ," ಎಂದ ಪೈಪಣ್ಣ. ಚೀಲ ಎತ್ತಿಕೊಂಡು, ಕೂಲಿಯನ್ನೂ ಕೇಳದೆ ಮನೆಯ ಕಡೆ ನಡೆದ.

ಆ ವಾರ ಅವನು ಊಟ ಸರಿಯಾಗಿ ಮಾಡಲಿಲ್ಲ. ಸ್ವರ್ಗದ ಬಾಗಿಲಲ್ಲಿ ತೋರಿಸಲು ಇದ್ದ ಒಂದೇ ಒಂದು ಪುಣ್ಯ ಪಾಪದ ಕಡೆಗೆ ಹೋಗಿ ಕೂತಿತ್ತು. ಅದಾದರೂ ಹೋಗಲಿ, ಅಷ್ಟಕ್ಕೂ ತನ್ನಂಥವನನ್ನು ಅಲ್ಲಿ ಯಾರು ಕಾಯುತ್ತಿದ್ದಾರೆ ಎಂದು ಹೇಗೋ ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವನನ್ನು ಕಾಡುತ್ತಿದ್ದದ್ದು ಬೇರೆ. ಶನಿವಾರ ಬಂತು. ಹೆಂಡತಿ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡಳು. ಬಡತನದ ಸಂಸಾರ ತೂಗಿಸಿ, ಊರವರ ಬಟ್ಟೆಗೆಲ್ಲ ಇಸ್ತ್ರಿ ತಿಕ್ಕಿ ಬೆನ್ನು ಬಾಗಿದವಳು ವಾರಕ್ಕೊಮ್ಮೆ ಆ ಬಟ್ಟೆ ಕಟ್ಟಿಕೊಂಡಾಗ ಮಾತ್ರ ರಾಣಿಯ ಹಾಗೆ ನೆಟ್ಟಗಾಗುತ್ತಿದ್ದಳು. ಅವಳ ಬದುಕಿನಲ್ಲಿ ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಅದನ್ನು ಗಂಡ ಕೊಂಡೊಯ್ದು ಕಕ್ಕಸಿನ ಪೈಪಿಗೆ ಜೋಡಿಸಿದ್ದ. ಹೇಳಿದರೆ ಅವಳು ಮತ್ತೆ ಆ ಕೋಣೆಗೆ ಕಾಲಿಡುತ್ತಾಳೆಯೇ? ಹೇಳದಿದ್ದರೆ ಇವತ್ತೂ ಹೋಗಿ ಪ್ರಭುವನ್ನು ಜೋಪಾನವಾಗಿ ಚರಂಡಿಗೆ ಬಿಟ್ಟು ಬರುತ್ತಾಳೆ.

"ಇವತ್ತು ಬೇಡ ಕಣೇ. ಬಿಸಿಲು ಜಾಸ್ತಿ," ಎಂದ.

"ಬಿಸಿಲಿಗೂ ನನ್ನ ಬಟ್ಟೆಗೂ ಏನು ಸಂಬಂಧ? ಒಣಗೋಕೆ ಒಳ್ಳೇದೇ ಅಲ್ವಾ?" ಎಂದು ಅವಳು ಹೊರಟೇ ಹೋದಳು.

ಪೈಪಣ್ಣ ಅವಳು ವಾಪಸು ಬರುವುದನ್ನೇ ಕಾದು, ನಾಲ್ಕು ಗಂಟೆಗೆ ಚರ್ಚಿಗೆ ಹೋಗಿ ಪಾಪನಿವೇದನೆಯ ಗೂಡಿನ ಮುಂದೆ ಮಂಡಿಯೂರಿದ. ಜಾಲರಿಯ ಆಚೆಗೆ ದೊಡ್ಡ ಕನ್ನಡಕ ಮಿನುಗಿತು.

"ಹೇಳು ಮಗನೇ," ಎಂದರು ಪಾದ್ರಿಯವರು. ಮಗನಿಗೆ ಅಪ್ಪನಿಗಿಂತ ಇಪ್ಪತ್ತೆಂಟು ವರ್ಷ ಹೆಚ್ಚಾಗಿತ್ತು.

"ಫಾದರ್, ನಾನು ದೇವರನ್ನ ಚರಂಡಿಗೆ ಬಿಟ್ಟಿದ್ದೀನಿ."

ಕನ್ನಡಕ ಜಾಲರಿಗೆ ಇನ್ನಷ್ಟು ಹತ್ತಿರ ಬಂತು. "ಅಂದ್ರೆ... ನಂಬಿಕೆ ಕಳ್ಕೊಂಡಿದ್ದೀಯಾ?"

"ಅಯ್ಯೋ, ನಂಬಿಕೆಯಲ್ಲ ಫಾದರ್, ಪೈಪು. ನಾಲ್ಕಿಂಚಿನ ಪೈಪು." ಶುರು ಮಾಡಿದ ಮೇಲೆ ಪೈಪಣ್ಣ ನಿಲ್ಲಿಸಲಿಲ್ಲ. ಬೆಂಡು, ಇಳಿಜಾರು, ಬಚ್ಚಲು, ಅಯೋಗ್ಯನೆಂದು ಬೈದದ್ದು, ಎಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ, ಜೋಡಣೆ ಎಷ್ಟು ಅಚ್ಚುಕಟ್ಟಾಗಿತ್ತೆಂದು ವರ್ಣಿಸುವಾಗ ಹಳೆಯ ಹೆಮ್ಮೆ ತಲೆಹಾಕಿತು. ನಾಲಿಗೆ ಕಚ್ಚಿಕೊಂಡು ಅದನ್ನೂ ಪಾಪಕ್ಕೇ ಸೇರಿಸಿದ.

ಪಾದ್ರಿಯವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಸೆಮಿನರಿಯಲ್ಲಿ ಕೊಲೆಗೆ, ಕಳ್ಳತನಕ್ಕೆ, ವ್ಯಭಿಚಾರಕ್ಕೆ ಏನು ಹೇಳಬೇಕೆಂದು ಕಲಿಸಿದ್ದರು. ಬೆಂಡಿನ ಬಗ್ಗೆ ಯಾರೂ ಪಾಠ ಮಾಡಿರಲಿಲ್ಲ. "ನೀನು ಬೇಕಂತ ಮಾಡಿದ್ದಲ್ಲವಲ್ಲ. ಕ್ಷಮೆ ಇದೆ," ಎಂದರು. "ಪೈಪು ಬೇರೆ ಮಾಡಿ, ಮಣ್ಣಿಗೆ ಹೋಗೋ ಹಾಗೆ ಸರಿ ಮಾಡು. ಆಮೇಲೆ ಪ್ರಾಯಶ್ಚಿತ್ತ." ಸ್ವಲ್ಪ ಯೋಚಿಸಿದರು. "ನಿನ್ನ ಹೆಂಡತಿಗೆ ನೀನೇ ಹೇಳಬೇಕು."

"ಬೇಡ ಫಾದರ್. ಮಂಡಿಗಾಲಲ್ಲಿ ಊರು ಸುತ್ತು ಅನ್ನಿ, ಸುತ್ತುತೀನಿ. ನಲವತ್ತು ದಿನ ಉಪವಾಸ ಕೊಡಿ."

"ಅವಳು ಮಾಡೋ ಕೆಲಸ. ಅವಳಿಗೆ ಗೊತ್ತಿರಬೇಕಲ್ವಾ?"

"ನೀವೇ ಹೇಳಿಬಿಡಿ. ನೀವು ಹೇಳಿದ್ರೆ ಸ್ವಲ್ಪ ಕಡಿಮೆ ಬೈತಾಳೆ."

"ನಾನಾ?" ಎಂದರು ಪಾದ್ರಿಯವರು ಗಾಬರಿಯಿಂದ. ಕಳೆದ ವಾರವಷ್ಟೇ ಬಲಿಪೀಠದ ಬಟ್ಟೆಯ ಮೇಲೆ ಮೇಣ ಬೀಳಿಸಿ ಇಸ್ತ್ರಿಯಕ್ಕನ ಎದುರು ನಿಂತಿದ್ದರು ಅವರು. "ಇಲ್ಲಿ ಕೇಳಿದ್ದನ್ನ ನಾನು ಹೊರಗೆ ಹೇಳೋ ಹಾಗಿಲ್ಲ. ನಿಯಮ. ದೇವರು ದೊಡ್ಡವನು, ಹೋಗು," ಎಂದು ಅವಸರದಲ್ಲಿ ಆಶೀರ್ವಾದ ಮಾಡಿ ಜಾಲರಿಯ ಪರದೆ ಎಳೆದುಕೊಂಡರು.

ಪೈಪಣ್ಣ ಮನೆಗೆ ಬಂದಾಗ ಅವಳು ಒಗೆದು ತಂದ ತುಂಡುಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಒಂದೇ ಕೋಣೆಯ ಮನೆ. ಅದರ ಅರ್ಧ ಇಸ್ತ್ರಿಯ ಮೇಜಿಗೆ, ಉಳಿದರ್ಧ ಮಂಚಕ್ಕೆ ಮತ್ತು ಒಲೆಗೆ. ಓಡಿಹೋಗೋಣವೆಂದರೂ ಜಾಗವಿಲ್ಲ. ಬಾಗಿಲ ಹೊಸ್ತಿಲ ಮೇಲೆ, ಹೊರಗೆ ಕಾಲು ಚಾಚಿಕೊಂಡು ಕೂತು, ಬೀದಿಯನ್ನು ನೋಡುತ್ತಾ ಎಲ್ಲ ಹೇಳಿ ಮುಗಿಸಿದ. ಇಸ್ತ್ರಿಪೆಟ್ಟಿಗೆ ತಲೆಗೆ ಬೀಳಬಹುದೆಂದು ಭುಜ ಕುಗ್ಗಿಸಿಕೊಂಡಿದ್ದ.

ಏನೂ ಬೀಳಲಿಲ್ಲ. ತಿರುಗಿ ನೋಡಿದರೆ ಅವಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಗೋಡೆಗೆ ಒರಗಿ ನಿಂತಿದ್ದಳು.

"ನಾನು ಪ್ರತಿ ವಾರ ಹೇಳ್ತಿದ್ದೆನಲ್ಲ ನಿಮಗೆ," ಎಂದಳು. "ನೀವು ಹೂಂ ಅಂತಿದ್ರಲ್ಲ."

"ಹೂಂ," ಎಂದುಬಿಟ್ಟ ಪೈಪಣ್ಣ, ಅಭ್ಯಾಸಬಲ.

ಅವಳು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ತುಂಡುಗಳನ್ನು ಮಡಿಸಿ ಚೀಲದಲ್ಲಿಟ್ಟಳು, ತಲೆಯ ಬಿಳಿ ಬಟ್ಟೆ ಬಿಚ್ಚಿ ಅದರ ಮೇಲಿಟ್ಟಳು. "ಇದನ್ನ ಫಾದರ್‌ಗೆ ಕೊಟ್ಟುಬಿಡಿ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಲಿ. ಇಪ್ಪತ್ತೆರಡು ವರ್ಷ ನನ್ನ ಕೈಯಾರೆ ಅವನನ್ನ ಹೇಲಿನ ಜೊತೆ ಕಳಿಸಿದ್ದೀನಿ. ಈ ಕೈ ಇನ್ನು ಅಲ್ಲಿಗೆ ಬೇಡ."

ತನ್ನ ಕೈಯ ಬಗ್ಗೆ ಪೈಪಣ್ಣ ಎಷ್ಟೋ ಸಲ ಹಾಗೆ ಅಂದುಕೊಂಡಿದ್ದ. ಅವಳ ಬಾಯಲ್ಲಿ ಅದನ್ನು ಕೇಳಿ ಅವನಿಗೆ ಅಳು ಬಂತು. ಅವಳ ಕೈ ಸದಾ ಸೋಪಿನ ವಾಸನೆಯ, ಬಿಳಿಚಿದ, ಸುಕ್ಕು ಬಿದ್ದ ಕೈ. ಅದು ಹೊಲಸಾಗಿದ್ದರೆ ಪ್ರಪಂಚದಲ್ಲಿ ಸ್ವಚ್ಛ ಎನ್ನುವುದು ಯಾವುದು?

ಒಂದು ವಾರ ಮನೆಯಲ್ಲಿ ಮಾತಿಲ್ಲ. ಅತ್ತ ಚರ್ಚಿನಲ್ಲಿ ಬಟ್ಟೆಗಳು ರಾಶಿ ಬಿದ್ದವು. ಪಾದ್ರಿಯವರು ಮೇಲ್ಬೀದಿಯ ಹೆಂಗಸರನ್ನು ಕೇಳಿದರು, ಅವರ ಸೊಂಟಗಳು ಇನ್ನೂ ವಾಸಿಯಾಗಿರಲಿಲ್ಲ. ಕೊನೆಗೆ ತಾವೇ ಒಗೆದು, ಇಸ್ತ್ರಿಯಲ್ಲಿ ಒಂದನ್ನು ಸುಟ್ಟರು. ಅದನ್ನು ಬಲಿಪೀಠದ ಹಿಂದೆ ಬಚ್ಚಿಟ್ಟರಂತೆ. ಬಿಷಪ್ಪರಿಗಿಂತ ಇಸ್ತ್ರಿಯಕ್ಕನ ಹೆದರಿಕೆ ಅವರಿಗೆ.

ಶುಕ್ರವಾರ ಮಧ್ಯಾಹ್ನ ಅವಳು ತಾನಾಗಿ ಬಾಯಿ ಬಿಟ್ಟಳು. "ಆ ನೀರು ಎಲ್ಲಿಗೆ ಹೋಗುತ್ತೆ?"

"ಚರ್ಚಿನ ಹಿಂದಿನ ಚೇಂಬರಿಗೆ. ಅಲ್ಲಿಂದ ಇಳಿಜಾರಲ್ಲಿ ಕೆಳಗೆ."

"ಕೆಳಗೆ ಅಂದ್ರೆ?"

"ಕೆಳಗೆ ಅಂದ್ರೆ ಕೆಳಗೇ ಕಣೇ. ಮೇಲ್ಬೀದಿಯವರದ್ದು ಆ ಕಡೆ ಬೇರೆ ಲೈನು. ಈ ಕಡೆ ಬಿದ್ದದ್ದೆಲ್ಲ ನಮ್ಮ ಬೀದಿಗೇ ಬರೋದು."

"ನೀವು ಹೇಳೋದನ್ನ ನಾನು ನಂಬಲ್ಲ. ಕಣ್ಣಾರೆ ನೋಡಬೇಕು. ಅವನನ್ನ ಎಲ್ಲಿಗೆ ಎಸೆದಿದ್ದೀನಿ ಅಂತ ನನಗೆ ಗೊತ್ತಾಗಬೇಕು."

ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ತಿಳಿಯಲು ಪ್ಲಂಬರುಗಳು ಒಂದು ಕಡೆ ಬಣ್ಣದ ನೀರು ಸುರಿದು, ಮುಂದಿನ ಚೇಂಬರುಗಳ ಮುಚ್ಚಳ ತೆಗೆದು ಕಾಯುತ್ತಾರೆ. ಪೈಪಣ್ಣನ ಹತ್ತಿರ ಬಣ್ಣವಿರಲಿಲ್ಲ. ಬಿಳಿ ಬಟ್ಟೆಗೆ ಹಾಕುವ ನೀಲಿಯ ಶೀಶೆ ಇಸ್ತ್ರಿಯಕ್ಕನ ಹತ್ತಿರವಿತ್ತು. ಅವಳು ಅದನ್ನು ಒಂದು ಬಕೆಟ್ಟು ನೀರಿಗೆ ಪೂರ್ತಿ ಬಗ್ಗಿಸಿದಳು. ಚರ್ಚಿಗೆ ಹೋಗಿ, ಪವಿತ್ರ ತೊಟ್ಟಿಗೆ ಸುರಿದಳು. ಪಾದ್ರಿಯವರಿಗೆ ಇನ್ನೊಂದು ಬಕೆಟ್ಟು ನೀರು ಕೊಟ್ಟು, "ನಿಧಾನಕ್ಕೆ ಬಿಡ್ತಾ ಇರಿ, ಚೆಲ್ಲಬೇಡಿ," ಎಂದು ಆಜ್ಞೆ ಮಾಡಿ ಗಂಡನ ಹಿಂದೆ ಹೊರಟಳು.

ಹಾಡುಹಗಲು. ಪೈಪಣ್ಣ ಹಾರೆಯಿಂದ ಚರ್ಚಿನ ಹಿಂದಿನ ಮುಚ್ಚಳ ಎತ್ತಿದ. ನೀಲಿ ಬಂತು. ಚರ್ಚಿನ ಗುಡ್ಡ ಇಳಿಯುವ ಮೆಟ್ಟಿಲುಗಳ ಬುಡದ ಮುಚ್ಚಳ ಎತ್ತಿದ. ಬಚ್ಚಲ ನೀರು, ಇನ್ನೇನೇನೋ, ಅದರ ನಡುವೆ ನೀಲಿಯ ಒಂದು ಎಳೆ. ಇಸ್ತ್ರಿಯಕ್ಕ ಮೂಗು ಮುಚ್ಚಿಕೊಳ್ಳಲಿಲ್ಲ. ಬಗ್ಗಿ ನೋಡಿ, "ಮುಂದೆ," ಎಂದಳು. ಕೆಳಬೀದಿಯ ತಿರುವಿನಲ್ಲಿ ಇನ್ನೊಂದು ಮುಚ್ಚಳ. "ಮುಂದೆ." ಜನ ಕಿಟಕಿ ತೆರೆದರು, ಬಾಗಿಲಿಗೆ ಬಂದರು. ಮುಚ್ಚಳ ತೆಗೆದ ವಾಸನೆಗೆ ಬೈಯುತ್ತಲೇ ಹಿಂದೆ ಬಂದು ಇಣುಕಿದರು.

ನಾಲ್ಕನೆಯ ಮುಚ್ಚಳ ಅವರದೇ ಮನೆಯ ಬಾಗಿಲ ಮುಂದಿತ್ತು, ಹೊಸ್ತಿಲಿನಿಂದ ಎರಡೇ ಹೆಜ್ಜೆ. ವರ್ಷಕ್ಕೆ ಮೂರು ಸಲ ಕಟ್ಟಿಕೊಂಡು ಉಕ್ಕುವ ಚೇಂಬರು ಅದು. ಅದರ ವಾಸನೆಗೆ ಹೆದರಿಯೇ ಸ್ವಂತ ನೆಂಟರು ಕೂಡ ಅವರ ಮನೆಯಲ್ಲಿ ನೀರು ಕುಡಿಯದೆ ಎದ್ದುಹೋಗುತ್ತಿದ್ದರು. ಪೈಪಣ್ಣ ಮುಚ್ಚಳ ಸರಿಸಿದ. ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಕಾದರು. ಕಪ್ಪು ನೀರು, ಕಪ್ಪು ನೀರು. ಆಮೇಲೆ ಸಣ್ಣಗೆ ನೀಲಿ.

"ಇಲ್ಲಿಗಾ?" ಎಂದಳು ಅವಳು.

"ಇಲ್ಲಿಗೇ. ನಮ್ಮ ಹೊಸ್ತಿಲ ಕೆಳಗೆ ಹಾದು, ಆ ಕಡೆ ಹೋಗುತ್ತೆ."

ಪಕ್ಕದ ಮನೆಯ ಅಜ್ಜಿ ಕೋಲೂರಿಕೊಂಡು ಬಂದು ಬಗ್ಗಿದಳು. "ಏನೇ ಇದು, ಚರಂಡಿಗೂ ನೀಲಿ ಹಾಕ್ತಿದ್ದೀಯಾ? ಬೆಳ್ಳಗಾಗುತ್ತಾ ಅದು?"

ಇಸ್ತ್ರಿಯಕ್ಕನಿಗೆ ನಗು ಬಂತು. ಒಂದು ವಾರದಿಂದ ತಡೆದಿದ್ದದ್ದೆಲ್ಲ ಸೇರಿ ಬಂದ ನಗು, ಅರ್ಧಕ್ಕೇ ಅಳುವಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಚೇಂಬರಿನೊಳಗೆ ಬಗ್ಗಿ ಬೈಯತೊಡಗಿದಳು. ಬೈದದ್ದು ಗಂಡನನ್ನಲ್ಲ.

"ಏನಪ್ಪಾ, ನಿನಗೆ ಬೇರೆ ದಾರಿ ಇರಲಿಲ್ವಾ? ಚರ್ಚಲ್ಲಿ ನಿನಗೆ ಅಂತಾನೇ ಚಿನ್ನದ ಪೆಟ್ಟಿಗೆ ಇದೆ, ಕಾರ್ಪೆಟ್ಟು ಇದೆ, ಮೇಲ್ಬೀದಿಯಲ್ಲಿ ಅಷ್ಟು ದೊಡ್ಡ ಮನೆಗಳಿವೆ. ಎಲ್ಲಾ ಬಿಟ್ಟು ನಮ್ಮನೆ ಚರಂಡಿಗೆ ಬರ್ತಿದ್ದೀಯಾ? ಅದೂ ಇಪ್ಪತ್ತೆರಡು ವರ್ಷ? ನಾನು ಬಟ್ಟೆ ಕಟ್ಟಿಕೊಂಡು, ಗುಡ್ಡ ಹತ್ತಿಕೊಂಡು ನಿನ್ನನ್ನ ನೋಡೋಕೆ ಅಲ್ಲಿಗೆ ಬರ್ತಿದ್ದೆ. ನಾನು ಮನೆಗೆ ಬರೋದ್ರೊಳಗೆ ನೀನು ನನಗಿಂತ ಮುಂಚೆ ಇಲ್ಲಿ ಬಂದು ಕೂತಿರ್ತಿದ್ದೆ. ಒಂದು ಮಾತು ಹೇಳಬಾರದಾಗಿತ್ತಾ?"

"ಯಾರ ಜೊತೆ ಮಾತಾಡ್ತಾಳೋ ಇವಳು?" ಎಂದು ಅಜ್ಜಿ ಪೈಪಣ್ಣನನ್ನು ಕೇಳಿದಳು. ಪೈಪಣ್ಣ ತನ್ನ ಕೈಯನ್ನೇ ನೋಡಿಕೊಂಡ. ಆ ಚೇಂಬರಿಗೆ ಎಷ್ಟು ಸಲ ಕೈ ಇಳಿಸಿದ್ದೇನೆ ಎಂದು ಯೋಚಿಸುತ್ತಿದ್ದ. ವರ್ಷಕ್ಕೆ ಮೂರು ಸಲ, ಮೊಣಕೈವರೆಗೆ, ಬಾಯಿಗೆ ಬಂದಂತೆ ಬೈಯುತ್ತಾ.

"ಹುಟ್ಟಿದ್ದೇ ದನದ ಕೊಟ್ಟಿಗೆಯಲ್ಲಿ," ಎಂದಳು ಇಸ್ತ್ರಿಯಕ್ಕ ಮೇಲೇಳುತ್ತಾ, ಈಗ ಸಮಾಧಾನದ ದನಿಯಲ್ಲಿ. "ಅವನಿಗೇನು, ಅಭ್ಯಾಸ ಇದೆ. ನಾವೇ ಮೂಗು ಮುಚ್ಚಿಕೊಂಡವರು. ಮುಚ್ಚಳ ಹಾಕಿ ರೀ, ಅಜ್ಜಿ ಬಿದ್ದಾಳು."

ನಿಯಮ ನಿಯಮವೇ. ಅಷ್ಟೆಲ್ಲ ಆದರೂ ಪೈಪು ಸರಿ ಮಾಡಲೇಬೇಕಿತ್ತು. ಮರುದಿನ ಶನಿವಾರ ಬೆಳಗ್ಗೆ ಪೈಪಣ್ಣ ಚರ್ಚಿನ ಹಿಂದೆ, ಗೋಡೆಯ ಹೊರಬದಿಯಲ್ಲಿ ಗುಂಡಿ ಅಗೆದು, ತಾನೇ ಹಾಕಿದ್ದ ಬೆಂಡಿನ ಸುತ್ತಲ ಮಣ್ಣು ಬಿಡಿಸಿದ. ಇಪ್ಪತ್ತೆರಡು ವರ್ಷವಾದರೂ ಒಂದು ತೊಟ್ಟು ಸೋರಿರಲಿಲ್ಲ. ಅವನು ಹೆಮ್ಮೆ ಪಡದಿರಲು ಬಹಳ ಪ್ರಯತ್ನಪಟ್ಟ. ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿ, ಜಲ್ಲಿ ತುಂಬಿ, ಹೊಸ ಪೈಪು ಮಣ್ಣಿಗೆ ಇಳಿಯುವಂತೆ ಸಿದ್ಧ ಮಾಡಿಟ್ಟ. ಇನ್ನು ಹಳೆಯದನ್ನು ಗರಗಸದಲ್ಲಿ ಕೊಯ್ದರೆ ಮುಗಿಯಿತು. ಪಾದ್ರಿಯವರು ಗುಂಡಿಯ ಅಂಚಿನಲ್ಲಿ ನಿಂತು "ಹುಷಾರಣ್ಣಾ" ಎನ್ನುತ್ತಿದ್ದರು.

ಅಷ್ಟರಲ್ಲಿ ಇಸ್ತ್ರಿಯಕ್ಕ ಬಂದಳು. ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡಿದ್ದಳು, ಕಂಕುಳಲ್ಲಿ ಹಿಂದಿನ ದಿನ ಚರ್ಚಿನಿಂದ ವಾಪಸು ತಂದ, ಒಗೆಯದ ತುಂಡುಗಳ ಚೀಲ.

"ತಡೀರಿ, ಕೊಯ್ಯಬೇಡಿ," ಎಂದಳು.

"ಇನ್ನರ್ಧ ಗಂಟೆ ತಡ್ಕೊಳ್ಳಮ್ಮಾ," ಎಂದರು ಪಾದ್ರಿಯವರು. "ಹೊಸ ಪೈಪು ಹಾಕಿದ ಮೇಲೆ ತೊಳೆದ್ರಾಯ್ತು."

"ನನಗೆ ಗೊತ್ತು ಫಾದರ್," ಎಂದವಳು ಒಳಗೆ ನಡೆದೇಬಿಟ್ಟಳು. ಪಾದ್ರಿಯವರು ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಸುಟ್ಟ ಬಟ್ಟೆ ನೆನಪಾಯಿತೋ, ಬೇರೇನು ತೋಚಿತೋ, ಬಾಯಿ ಮುಚ್ಚಿಕೊಂಡು, ಆಕಾಶ ನೋಡುತ್ತಾ ನಿಂತರು.

ಗೋಡೆಯಾಚೆ ತೊಟ್ಟಿಯ ಹತ್ತಿರ ಬಟ್ಟೆ ಜಾಲಾಡುವ ಸದ್ದು ಕೇಳಿಸಿತು. ಕಿಟಕಿಯಿಂದ ಅವಳ ದನಿಯೂ ಕೇಳಿಸಿತು. ಯಾರನ್ನೋ ಬೀಳ್ಕೊಡುವಾಗಿನ ದನಿ. "ಇನ್ನು ಮೇಲೆ ನಿನಗೆ ಈ ಕಡೆ ಒಳ್ಳೇ ಜಾಗ ಮಾಡಿದ್ದಾರಪ್ಪಾ. ಅದಕ್ಕೆ ಮುಂಚೆ ಒಂದು ಸಲ ನಮ್ಮನೆ ಕಡೆ ಹೋಗಿ ಬಾ. ಪಕ್ಕದ ಮನೆ ಅಜ್ಜಿಗೆ ಕಾಲುನೋವು ಜಾಸ್ತಿ. ಹಾಗೇ ನೋಡ್ಕೊಂಡು ಹೋಗು."

ಗುಂಡಿಯೊಳಗೆ ಪೈಪಣ್ಣ ಗರಗಸ ಕೆಳಗಿಟ್ಟ. ಮಣ್ಣು ಮೆತ್ತಿದ, ಒರೆಸದ ಅಂಗೈಯನ್ನು ಪೈಪಿನ ಮೇಲೆ ಇಟ್ಟ. ತಣ್ಣಗಿತ್ತು. ಆಮೇಲೆ ನೀರು ಬಂತು, ಅವನ ಅಂಗೈ ಕೆಳಗೆ ಪೈಪು ಸಣ್ಣಗೆ ನಡುಗಿತು. ಅವನು ಕೈ ತೆಗೆಯಲಿಲ್ಲ.

ಕಿಟಕಿಯಲ್ಲಿ ಬಿಳಿ ಬಟ್ಟೆಯ ತಲೆ ಕಾಣಿಸಿತು. "ಹೋಯ್ತಾ ರೀ?"

"ತಡಿಯೇ. ಇನ್ನೂ ಹೋಗ್ತಾ ಇದೆ," ಎಂದ ಪೈಪಣ್ಣ.